ನೀರನ್ನೊಡೆಯುವ ಲೋಹಗಳು: ಕಲ್ಪನೆಯೆಷ್ಟು, ಸತ್ಯವೆಷ್ಟು?

1800ರಲ್ಲಿ ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು, ಆಗತಾನೆ ಸುದ್ದಿಯಾಗಿದ್ದ ವೋಲ್ಟಾನ ವಿದ್ಯುತ್ಕೋಶಕ್ಕೆ ಹಿತ್ತಾಳೆಯ ಎರಡು ತಂತಿಗಳನ್ನು ಜೋಡಿಸಿ ನೀರಿನಲ್ಲಿ ಮುಳುಗಿಸಿದಾಗ, ಒಂದರ ತುದಿಯಿಂದ ಜಲಜನಕದ ಗುಳ್ಳೆಗಳೆದ್ದುವು. ಇನ್ನೊಂದು ತಾನೇ ಕಿಲುಬುಗಟ್ಟಿತು. ಪ್ಲಾಟಿನಂ ತಂತಿಗಳನ್ನಿಟ್ಟ ಮೇಲೆ ಎರಡೂ ಅನಿಲಗಳು ದೊರೆತುವು. ನೀರನ್ನೊಡೆಯಲು ಅಮೂಲ್ಯ ಲೋಹವೇ ಬೇಕೆನ್ನುವವರು ಈ ಪ್ರಯೋಗವನ್ನು ಸಾಕ್ಷಿಗೆ ಕರೆಯಬಹುದು; ಆದರೆ ಜಲಜನಕವನ್ನು ಹಿತ್ತಾಳೆಯೂ ಬಿಡಿಸಿತ್ತು, ಅದು ಸೋತದ್ದು ಆಮ್ಲಜನಕದೆದುರು ಬಾಳುವುದರಲ್ಲಿ.

ತಪ್ಪು ಕಲ್ಪನೆ: ಪ್ಲಾಟಿನಂ, ಇರಿಡಿಯಂಗಳಿಲ್ಲದೆ ಕಾರ್ಯ ಸಾಗದು.

ಸತ್ಯ: ಆಮ್ಲೀಯ ಪೊರೆಯನ್ನಿಟ್ಟು ನೀರನ್ನೊಡೆಯುವ ಯಂತ್ರಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ, ಏಕೆಂದರೆ ಅಲ್ಲಿ ನಿಕ್ಕಲ್ಲಿನಂಥ ಅಗ್ಗದ ಲೋಹ ಕರಗಿಹೋಗುತ್ತದೆ. ಕ್ಷಾರದ್ರಾವಣದಲ್ಲಾದರೋ ನಿಕ್ಕಲ್ಲಿನ ಮೈಮೇಲೆ ಹೈಡ್ರಾಕ್ಸೈಡಿನ ತೆಳುಪದರವೊಂದು ಮೂಡಿ, ಲೋಹಕ್ಕೆ ಕವಚವೂ ಕ್ರಿಯೆಗೆ ನೆಲೆಯೂ ಆಗುತ್ತದೆ. ನಾರ್ವೆಯ ರ್ಯೂಕನ್ನಿನಲ್ಲಿ 1920ರ ದಶಕದ ಕೊನೆಯಿಂದಲೂ, ನಮ್ಮ ಪಂಜಾಬಿನ ನಂಗಲ್ ಗೊಬ್ಬರದ ಕಾರ್ಖಾನೆಯಲ್ಲಿ 1960ರ ದಶಕದಲ್ಲಿಯೂ ಇಂಥ ಕ್ಷಾರದ್ರಾವಣದಲ್ಲಿ ಜಲವಿದ್ಯುತ್ತಿನಿಂದ ನೀರನ್ನೊಡೆದೇ ಜಲಜನಕವನ್ನು ಪಡೆಯುತ್ತಿದ್ದರು. ಬಟ್ಟೆ ಒಗೆಯುವ ಸೋಡ ಕದಡಿದ ನೀರಿನಲ್ಲಿ ಎರಡು ಸ್ಟೀಲ್ ಚಮಚಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಸಣ್ಣ ಬ್ಯಾಟರಿಗೆ ಜೋಡಿಸಿದರೆ, ಋಣಾಗ್ರದ ಚಮಚದಲ್ಲಿ ಜಲಜನಕವೂ ಮತ್ತೊಂದರಲ್ಲಿ ಅದರರ್ಧದಷ್ಟು ಆಮ್ಲಜನಕವೂ ಗುಳ್ಳೆಗುಳ್ಳೆಯಾಗಿ ಏಳುವುದನ್ನು ಕಣ್ಣಾರೆ ಕಾಣಬಹುದು. ಸೋಡದ ಬದಲು ಅಡುಗೆಯ ಉಪ್ಪನ್ನು ಹಾಕಬಾರದು. ವಿಷಕಾರಿ ಕ್ಲೋರಿನ್ ಹುಟ್ಟುತ್ತದೆ.

ತಪ್ಪು ಕಲ್ಪನೆ: ಲೋಹ ಪರಿಶುದ್ಧವಾದಷ್ಟೂ ಉತ್ತಮ.

ಸತ್ಯ: ನಿಕ್ಕಲ್ಲಿನ ವಿಷಯದಲ್ಲಿ ನಡೆದದ್ದು ಇದಕ್ಕೆ ವಿಪರೀತ. ಕ್ಷಾರದಲ್ಲಿ ದಶಲಕ್ಷಕ್ಕೆ ಒಂದೆರಡು ಪಾಲಿನಷ್ಟು ಕಬ್ಬಿಣ ಕಲ್ಮಷವಾಗಿ ಬೆರೆತಿದ್ದರೂ, ಅದು ನಿಕ್ಕಲ್ಲಿನ ಪದರವನ್ನು ಸೇರಿ ಆಮ್ಲಜನಕದ ಬಿಡುಗಡೆಯನ್ನು ಸುಗಮಗೊಳಿಸುತ್ತದೆಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು. ಒಂದು ಕಾಲಕ್ಕೆ ಕೊಳೆಯೆಂದು ತೆಗೆದುಹಾಕುತ್ತಿದ್ದುದನ್ನು ಇಂದು ಸಂಶೋಧಕರು ಅಳೆದು ಸೇರಿಸುತ್ತಾರೆ.

ತಪ್ಪು ಕಲ್ಪನೆ: ಕ್ರಿಯೆಯನ್ನು ಸುಗಮಗೊಳಿಸುವ ಲೋಹ, ಅಂದರೆ ಶ್ರೇಷ್ಠ ವೇಗವರ್ಧಕ, ದೊರೆತರೆ ನೀರೇ ಇಂಧನವಾದೀತು.

ಸತ್ಯ: ಸಾಮಾನ್ಯ ಉಷ್ಣತೆಯಲ್ಲಿ ನೀರನ್ನೊಡೆಯಲು ಕನಿಷ್ಠ 1.23 ವೋಲ್ಟ್ ಬೇಕೆಂಬ ನಿಯಮವನ್ನು ಯಾವ ವೇಗವರ್ಧಕವೂ ಮೀರಲಾರದು. ಒಂದು ಕಿಲೋ ಜಲಜನಕವನ್ನು ಬೇರ್ಪಡಿಸಲು ತಗಲುವ ಶಕ್ತಿ ಸುಮಾರು 39 ಯೂನಿಟ್. ಇಂದಿನ ಯಂತ್ರಗಳು ನುಂಗುವುದು 50 ಅಥವಾ ತುಸು ಹೆಚ್ಚು. ಈ ನಡುವಣ ಅಂತರದಲ್ಲಷ್ಟೇ ವೇಗವರ್ಧಕದ ಕೈಚಳಕ ನಡೆಯುವುದು. ದಾರಿಯ ಸುಂಕವನ್ನು ಅದು ತಗ್ಗಿಸೀತು, ಸರಕಿನ ಬೆಲೆಯನ್ನಲ್ಲ.

ತಪ್ಪು ಕಲ್ಪನೆ: ಲೋಹ ಅಗ್ಗವಾದರೆ ಜಲಜನಕವೂ ಅಗ್ಗ.

ಸತ್ಯ: ಜಲಜನಕದ ಬೆಲೆಯಲ್ಲಿ ಸಿಂಹಪಾಲು ವಿದ್ಯುತ್ತಿನದು. ಅಗ್ಗದ ಲೋಹ ಬೇಗ ಸವೆದರೆ ವಿದ್ಯುತ್ತನ್ನು ಹೆಚ್ಚು ಹೀರಿ, ಕಡೆಗೆ ಯಂತ್ರವನ್ನೇ ಬಿಚ್ಚಿಸುತ್ತದೆ. ಪ್ರಯೋಗಶಾಲೆಯಲ್ಲಿ ನೂರು ಗಂಟೆ ಮಿಂಚಿದ್ದು ಸಾಲದು. ಹಗಲು ಹರಿದು ಇರುಳು ನಿಲ್ಲುವ ಸೌರವಿದ್ಯುತ್ತಿಗೆ ಹೊಂದಿಕೊಂಡು, ಆ ಹಿತ್ತಾಳೆಯ ತಂತಿಯ ಗತಿಯನ್ನು ಕಾಣದೆ, ಹತ್ತಾರು ಸಾವಿರ ಗಂಟೆ ಬಾಳಿದ ಲೋಹವನ್ನಷ್ಟೇ ಅಗ್ಗವೆಂದು ಕರೆಯುವುದು ನ್ಯಾಯ.