ಒಡೆದ ಹಲ್ಲುಸೆಟ್ಟಿಗೆ ಗಾಜಿನೆಳೆಯ ಆಸರೆ

ಕೃತಕ ದಂತಪಂಕ್ತಿ, ಜನರ ಬಾಯಲ್ಲಿ ಹಲ್ಲುಸೆಟ್ಟು, ತೊಳೆಯುವಾಗ ಕೈಜಾರಿ ಬಿದ್ದು ಎರಡು ಹೋಳಾಗುವುದು ಅಪರೂಪವಲ್ಲ. ರಿಪೇರಿಯಾದ ಕೆಲವೇ ತಿಂಗಳಲ್ಲಿ ಅದು ಮತ್ತೆ ಅಲ್ಲಿಯೇ ಸೀಳಿದರೆ ಹಿರಿಯರ ಊಟವೇ ನಿಂತಂತೆ. ಹೀಗೇಕಾಗುತ್ತದೆ?

ಸೆಟ್ಟಿನ ವಸಡುಬಣ್ಣದ ತಳಭಾಗವು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್‌ನದು. 1930ರ ದಶಕದಲ್ಲಿ ಬಳಕೆಗೆ ಬಂದ ಈ ವಸ್ತು, ಅದುವರೆಗೆ ಚಾಲ್ತಿಯಲ್ಲಿದ್ದ ಗಡುಸು ರಬ್ಬರನ್ನು ಮೂಲೆಗೆ ತಳ್ಳಿತು. ಹಗುರ, ಅಗ್ಗ, ನೋಡಲೂ ಚೆನ್ನ. ಆದರೆ ಪೆಟ್ಟನ್ನು ತಾಳದು, ಸತತ ಬಾಗುವಿಕೆಯನ್ನೂ ತಾಳದು. ಪ್ರತಿ ಅಗಿತಕ್ಕೂ ಮೇಲಿನ ಸೆಟ್ಟು ಅಂಗುಳಿನ ನಡುಭಾಗವನ್ನು ಆನಿಕೊಂಡು ತುಸು ಬಾಗುತ್ತದೆ. ಹೀಗೆ ದಣಿದ ಅಕ್ರಿಲಿಕ್ ಸಾಮಾನ್ಯವಾಗಿ ನಟ್ಟನಡುವೆ ಬಿರಿಯುತ್ತದೆ.

ರಿಪೇರಿಗೆ ಹೆಚ್ಚಾಗಿ ಬಳಸುವುದು ಪುಡಿಗೆ ದ್ರವ ಬೆರೆಸಿದೊಡನೆ ತಾನಾಗಿ ಗಟ್ಟಿಯಾಗುವ ಅಕ್ರಿಲಿಕ್. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಬಿಸಿಯಲ್ಲಿ ಬೇಯಿಸಿದ ಮೂಲ ಅಕ್ರಿಲಿಕ್‌ನ ಬಲ ಇದಕ್ಕಿಲ್ಲ. ತಂತಿ ಹುದುಗಿಸುವುದು ಹಳೆಯ ಉಪಾಯ. ಲೋಹವು ಅಕ್ರಿಲಿಕ್‌ನೊಂದಿಗೆ ಬೆಸೆಯದ ಕಾರಣ ಆ ತಂತಿಯ ಸುತ್ತಲೇ ಹೊಸ ಬಿರುಕು ಹುಟ್ಟುವುದುಂಟು.

ಈ ಕೊರತೆಯನ್ನು ನೀಗಬಲ್ಲದ್ದು ಗಾಜಿನ ನಾರು. ಅದಕ್ಕೆ ಸಿಲೇನ್ ಎಂಬ ರಾಸಾಯನಿಕ ಲೇಪಿಸಿದರೆ ಗಾಜೂ ಅಕ್ರಿಲಿಕ್ಕೂ ಒಂದಕ್ಕೊಂದು ಬೆಸೆಯುತ್ತವೆ. ಅಗಿಯುವ ಒತ್ತಡದ ಪಾಲನ್ನು ನಾರು ಹೊರುತ್ತದೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಪೆಕ್ಕಾ ವಲ್ಲಿಟ್ಟು 1990ರ ದಶಕದಿಂದ ಈ ಬಗ್ಗೆ ವಿಸ್ತೃತ ಸಂಶೋಧನೆ ನಡೆಸಿದ್ದಾರೆ. ಕಾರ್ಬನ್ ನಾರೂ ಬಲಿಷ್ಠವೇ. ಆದರೆ ಕಪ್ಪು ನಾರು ಬಾಯಲ್ಲಿ ಕಾಣುವುದನ್ನು ಯಾರು ಒಪ್ಪುತ್ತಾರೆ? ಅರಾಮಿಡ್ ನಾರಿಗೆ ಹಳದಿ ಬಣ್ಣದ ತೊಡಕು.

ನಾರು ಇದ್ದ ಮಾತ್ರಕ್ಕೆ ಸಾಲದು. ಅದು ಬಿರುಕಿಗೆ ಅಡ್ಡಲಾಗಿ, ಎಳೆತ ಬೀಳುವ ಬದಿಯಲ್ಲಿ ಕೂರಬೇಕು. ಒಡೆದ ಅಂಚುಗಳನ್ನು ಉಜ್ಜಿ, ಅಕ್ರಿಲಿಕ್‌ನ ದ್ರವದಿಂದ ಸುಮಾರು 3 ನಿಮಿಷ ತೋಯಿಸಿದರೆ ಹಳೆಯದಕ್ಕೆ ಹೊಸದು ಗಟ್ಟಿಯಾಗಿ ಹಿಡಿಯುತ್ತದೆ. ನಾರಿನ ಎಳೆಗಳ ನಡುವೆ ರಾಳ ಇಳಿಯದೆ ಪೊಳ್ಳು ಉಳಿದರೆ ಬಲ ಹೆಚ್ಚುವ ಬದಲು ತಗ್ಗೀತು. ಎಳೆ ಹೊರಚಾಚಿದರೆ ನಾಲಿಗೆಗೆ ಕಿರಿಕಿರಿ ತಪ್ಪದು.

ವರ್ಷಗಳು ಕಳೆದಂತೆ ದವಡೆಯ ಮೂಳೆ ಸವೆದು ಸೆಟ್ಟು ಸಡಿಲಗೊಂಡಿದ್ದರೆ, ಒಳಮೈಗೆ ಹೊಸ ಪದರ ಕೊಟ್ಟು ಹೊಂದಿಸದೆ ಯಾವ ನಾರೂ ಅದನ್ನು ಬಹುಕಾಲ ಉಳಿಸದು. ಹೋಳುಗಳನ್ನು ಮನೆಯಲ್ಲೇ ಅಂಟು ಹಾಕಿ ಕೂಡಿಸುವವರಿದ್ದಾರೆ. ಕೂದಲೆಳೆಯಷ್ಟು ಓರೆಯಾಗಿ ಅಂಟಿದರೂ ಸೆಟ್ಟು ವಸಡಿನ ಮೇಲೆ ಸರಿಯಾಗಿ ಕೂರದು. ಚೂರುಗಳನ್ನೆಲ್ಲ ಆಯ್ದು ಹಾಗೆಯೇ ದಂತವೈದ್ಯರಿಗೆ ಒಪ್ಪಿಸುವುದು ಒಳಿತು.