ಬೆಳಕಿನ ಬಳಗದವರು

ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು, ಮಾನ್ವಿಯಲ್ಲಿ ಜಗನ್ನಾಥದಾಸರು, ಹೀಗೆ ಕೆಲವೇ ಹರಿದಾರಿಗಳ ಅಂತರದೊಳಗೆ ಹದಿನೆಂಟನೆಯ ಶತಮಾನದಲ್ಲಿ ಬೆಳೆದುಬಂದ ಗುರುಶಿಷ್ಯಪರಂಪರೆಯನ್ನು ಬಲ್ಲ ರಾಯಚೂರು ಜಿಲ್ಲೆಯ ಜನಕ್ಕೆ, ವಿದ್ಯೆಯೆಂಬುದು ಒಬ್ಬನ ಸ್ವತ್ತಲ್ಲ, ಒಂದು ಬಳಗದ ಬಾಳು ಎಂಬ ಮಾತನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ. ಆ ಪರಂಪರೆಯಲ್ಲಿ ಎರಡು ಸಂಗತಿಗಳು ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆದಿವೆ. ಶಿಷ್ಯನು ತನ್ನ ಹಾಡಿನ ತುದಿಯಲ್ಲಿ ಗುರುವಿನ ಅಂಕಿತವನ್ನು ಹೊರದೆ ತನ್ನದೇ ಆದ ಅಂಕಿತವನ್ನು ಪಡೆಯುತ್ತಿದ್ದನು. ಆದುದರಿಂದಲೇ ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಮೂರು ಮುದ್ರೆಗಳು ಇಂದಿಗೂ ಬೇರೆಬೇರೆಯಾಗಿ ಕೇಳಿಬರುತ್ತವೆ. ಇನ್ನೊಂದು, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಜಗನ್ನಾಥದಾಸರಿಗೆ ಧಾರೆಯೆರೆದರೆಂಬ ಐತಿಹ್ಯ. ಹಿರಿಯನು ಕೊಡುವ ಆಯುಷ್ಯ, ಕಿರಿಯನು ಪಡೆಯುವ ಸ್ವಂತ ಹೆಸರು: ಈ ಎರಡು ಇಲ್ಲದ ಕಡೆ ಯಾವ ವಿದ್ಯೆಯೂ ಎರಡನೆಯ ತಲೆಮಾರನ್ನು ಕಾಣದು.

ಫೋಟಾನಿಕ್ಸ್ ಎಂದು ಈಗ ಹೆಸರಾಗಿರುವ ಬೆಳಕಿನ ವಿಜ್ಞಾನಕ್ಕೂ ಈ ಮಾತು ಸಲ್ಲುತ್ತದೆ. ವಿಶ್ವವಿದ್ಯಾಲಯವೊಂದರಲ್ಲಿ ಇಂಥ ಸಂಶೋಧನೆ ನಡೆಯುವ ಕೋಣೆಯನ್ನು ಹೊಕ್ಕರೆ ಕಣ್ಣಿಗೆ ಮೊದಲು ಬೀಳುವುದು ಯಂತ್ರಗಳು: ಹೊರಗಿನ ಕಂಪನ ತಾಕದಂತೆ ಒತ್ತಿದ ಗಾಳಿಯ ಮೇಲೆ ತೇಲುವ ಭಾರವಾದ ಉಕ್ಕಿನ ಮೇಜು, ಅದರ ಮೇಲೆ ಲೇಸರ್, ನಾಣ್ಯದಷ್ಟೇ ಅಗಲದ ಕನ್ನಡಿಗಳು, ಮಸೂರಗಳು, ಕೂದಲಿನಷ್ಟು ಸಪೂರವಾದ ಗಾಜಿನ ಎಳೆಗಳು. ಆದರೆ ಆ ಕನ್ನಡಿಗಳನ್ನು ಒಂದೊಂದಾಗಿ ತಿರುಪಿ, ಬೆಳಕಿನ ಕಿರಣವು ಎಲ್ಲಿಯೂ ತಪ್ಪದೆ ಗುರಿ ಸೇರುವಂತೆ ಮಾಡುವ ಕೆಲಸವನ್ನು, ಲ್ಯಾಬಿನವರು ಅಲೈನ್‌ಮೆಂಟ್ ಎಂದು ಕರೆಯುವ ಆ ತಾಳ್ಮೆಯ ಕೆಲಸವನ್ನು, ಮಾಡುವುದು ಮನುಷ್ಯನ ಬೆರಳು. ಅಲ್ಲಿ ಗೈಡ್ ಎಂಬ ಪ್ರಾಧ್ಯಾಪಕರಿರುತ್ತಾರೆ. ಐದಾರು ವರ್ಷಗಳ ತಾರುಣ್ಯವನ್ನು ಒಂದೇ ಪ್ರಶ್ನೆಗೆ ಒಪ್ಪಿಸಿದ ಪಿಎಚ್‌.ಡಿ. ವಿದ್ಯಾರ್ಥಿಗಳಿರುತ್ತಾರೆ, ಆರು ತಿಂಗಳ ಪ್ರಾಜೆಕ್ಟಿಗೆಂದು ಬಂದ ಎಂ.ಎಸ್ಸಿ. ಹುಡುಗಿ ಇರುತ್ತಾಳೆ, ವಸ್ತುಗಳನ್ನು ತಯಾರಿಸಿಕೊಡುವ ರಸಾಯನಶಾಸ್ತ್ರಜ್ಞ, ಲೆಕ್ಕದಿಂದಲೇ ಬೆಳಕನ್ನು ಕಾಣುವ ಗಣಿತಜ್ಞ, ಲೇತಿನ ಮುಂದೆ ನಿಂತು ಹಿತ್ತಾಳೆಯ ಹಿಡಿಕೆಗಳನ್ನು ಕಡೆದುಕೊಡುವ ವರ್ಕ್‌ಶಾಪಿನ ಕುಶಲಿ, ಗಾಜನ್ನು ಊದಿ ನಳಿಕೆ ಮಾಡಿಕೊಡುವವನು, ಇವರೆಲ್ಲರೂ ಇರುತ್ತಾರೆ. ಪ್ರಕಟವಾಗುವ ಲೇಖನದ ತಲೆಯ ಮೇಲೆ ಮಾತ್ರ ನಾಲ್ಕೈದು ಹೆಸರುಗಳಿರುತ್ತವೆ. ಬೆಳಕಿನ ಚರಿತ್ರೆಯನ್ನು ಬರೆಯುವವರು ಆ ಹೆಸರುಗಳ ಕೆಳಗಿನ ಜನವನ್ನು ಕುರಿತು ಬರೆಯದಿರುವುದು ನನಗೆ ಸದಾ ಒಂದು ಕೊರತೆಯಾಗಿಯೇ ತೋರಿದೆ.

ನಮ್ಮ ದೇಶದಲ್ಲಿ ಈ ವಿದ್ಯೆಯ ಮೂಲಪುರುಷರಾದ ಚಂದ್ರಶೇಖರ ವೆಂಕಟ ರಾಮನ್ನರ ಕಥೆಯನ್ನೇ ನೋಡೋಣ. 1907ರಲ್ಲಿ, ಸರ್ಕಾರದ ಲೆಕ್ಕಪತ್ರದ ಇಲಾಖೆಯ ತರುಣ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ರಾಮನ್ನರು ಬೌಬಜಾರಿನ ವಿಜ್ಞಾನ ಸಂಘದ ಬಾಗಿಲನ್ನು ತಟ್ಟಿದಾಗ ಅದನ್ನು ತೆರೆದವನು ಅಶುತೋಷ ಡೇ. ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಹತ್ತದ ಈತನು ರಾಮನ್ನರ ಬಲಗೈಯಾಗಿ ದುಡಿದುದು ಮಾತ್ರವಲ್ಲ, 1919ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತನ್ನೊಬ್ಬನ ಹೆಸರಿನಲ್ಲೇ ಲೇಖನವನ್ನು ಪ್ರಕಟಿಸಿದನು. ರಾಮನ್ನರು ಅದಕ್ಕೊಂದು ಮುನ್ನುಡಿಯನ್ನು ಬರೆದು ಹಿಂದೆ ಸರಿದು ನಿಂತರು. ಚದುರಿದ ಬೆಳಕಿನ ಒಂದಂಶವು ಬಣ್ಣ ಬದಲಿಸುತ್ತದೆಂಬ, ರಾಮನ್ ಪರಿಣಾಮವೆಂದು ಹೆಸರಾದ 1928ರ ಫೆಬ್ರವರಿ 28ರ ಶೋಧದ ಹಿಂದೆಯೂ ಹೀಗೆಯೇ ಹಲವರಿದ್ದರು. ಐದು ವರ್ಷಗಳ ಹಿಂದೆಯೇ, 1923ರಲ್ಲಿ, ದ್ರವಗಳಲ್ಲಿ ಚದುರಿದ ಬೆಳಕಿನೊಳಗೆ ಬಣ್ಣ ಬದಲಾದ ಒಂದು ಕ್ಷೀಣಾಂಶವನ್ನು ಕಂಡವರು ಕೆ. ಆರ್. ರಾಮನಾಥನ್. ಶುದ್ಧ ಗ್ಲಿಸರಿನ್ನಿನಲ್ಲಿ ಚದುರಿದ ಬೆಳಕು ನೀಲಿಯಾಗಿರದೆ ಹಸಿರಿಗೆ ತಿರುಗಿದ್ದನ್ನು ಕಂಡವರು ಎಸ್. ವೆಂಕಟೇಶ್ವರನ್, ಇವರು ಹೊಟ್ಟೆಪಾಡಿಗೆ ಸರ್ಕಾರಿ ಪರೀಕ್ಷಾಲಯದಲ್ಲಿ ಉದ್ಯೋಗದಲ್ಲಿದ್ದು ಬಿಡುವಿನ ವೇಳೆಯಲ್ಲಿ ಮಾತ್ರ ಸಂಶೋಧನೆಗೆ ಬರುತ್ತಿದ್ದವರು, ಪ್ರಯೋಗಕ್ಕೋ ಹಗಲಿನ ಸೂರ್ಯನೇ ಬೇಕು. ಆದುದರಿಂದ ಕೆಲಸವು ಕೆ. ಎಸ್. ಕೃಷ್ಣನ್ನರ ಕೈಗೆ ಬಂದಿತು. ದ್ರವಗಳನ್ನು ಒಂದಾದಮೇಲೊಂದಾಗಿ ಭಟ್ಟಿಯಿಳಿಸಿ, ಕತ್ತಲೆಗೆ ಕಣ್ಣನ್ನು ಪಳಗಿಸಿ, ಕಂಡುದನ್ನು ದಿನಚರಿಯಲ್ಲಿ ಬರೆದಿಟ್ಟವರು ಅವರು. ‘ನೇಚರ್’ ಪತ್ರಿಕೆಗೆ ಹೋದ ಮೊದಲ ಪತ್ರದಲ್ಲಿ ರಾಮನ್ ಮತ್ತು ಕೃಷ್ಣನ್ ಇಬ್ಬರ ಹೆಸರೂ ಇದ್ದಿತು. 1930ರ ನೊಬೆಲ್ ಬಹುಮಾನವು ಒಬ್ಬರಿಗೆ ಬಂದಿತು.

1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದು ಭೌತಶಾಸ್ತ್ರ ವಿಭಾಗವನ್ನು ತೆರೆದಾಗ ಆ ಬಳಗವು ಕನ್ನಡನಾಡಿನ ಮಣ್ಣಿಗೆ ಬಂದಿತು. ಎರಡೇ ವರ್ಷಗಳಲ್ಲಿ, 1935–36ರಲ್ಲಿ, ಅವರೂ ತರುಣ ಸಿದ್ಧಾಂತಿ ಎನ್. ಎಸ್. ನಾಗೇಂದ್ರನಾಥರೂ ಕೂಡಿ, ಶ್ರವಣಾತೀತ ಶಬ್ದದ ಅಲೆಗಳು ದ್ರವದಲ್ಲಿ ಸಾಗುವಾಗ ಅವುಗಳನ್ನು ಅಡ್ಡಹಾಯುವ ಬೆಳಕು ಹೇಗೆ ಹಲವು ಕವಲುಗಳಾಗಿ ಒಡೆಯುತ್ತದೆಂಬುದನ್ನು ಲೇಖನಮಾಲೆಯೊಂದರಲ್ಲಿ ವಿವರಿಸಿದರು. ಲೇಸರ್ ಕಿರಣವನ್ನು ಶಬ್ದದಿಂದ ತಿರುಗಿಸುವ ಇಂದಿನ ಉಪಕರಣಗಳಿಗೆ ಆ ರಾಮನ್–ನಾಥ್ ಸಿದ್ಧಾಂತವೂ ಒಂದು ತಳಹದಿ. ಮತ್ತು ಅಲ್ಲಿ ಶಿಷ್ಯನ ಹೆಸರು ಗುರುವಿನ ಹೆಸರಿನ ಪಕ್ಕದಲ್ಲೇ ಶಾಶ್ವತವಾಗಿ ನಿಂತಿದೆ.

ಆದರೆ ಅದೇ ಮಂದಿರದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನಾನು ನೋವಿಲ್ಲದೆ ಬರೆಯಲಾರೆ. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅಣ್ಣಾ ಮಣಿ ಎಂಬ ತರುಣಿ 1940ರಲ್ಲಿ ವಿದ್ಯಾರ್ಥಿವೇತನ ಪಡೆದು ರಾಮನ್ನರ ಪ್ರಯೋಗಶಾಲೆಗೆ ಬಂದಳು. ವಜ್ರಗಳೂ ಮಾಣಿಕ್ಯಗಳೂ ಬೆಳಕನ್ನು ಹೀರಿ ತಾವೇ ಮಿನುಗುವ ಬಗೆಯನ್ನು ಅಭ್ಯಸಿಸುವುದು ಆಕೆಗೆ ದೊರೆತ ಕೆಲಸ. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಬೇಕಾಗಿದ್ದಿತು. ಅವುಗಳ ಬೆಳಕು ಎಷ್ಟು ಮಂದವೆಂದರೆ, ಛಾಯಾಫಲಕದ ಮೇಲೆ ಅದರ ರೋಹಿತವು ಮೂಡಬೇಕಾದರೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಫಲಕವನ್ನು ತೆರೆದಿಡಬೇಕು. ಆದುದರಿಂದ ಅನೇಕ ರಾತ್ರಿಗಳನ್ನು ಆಕೆ ಪ್ರಯೋಗಶಾಲೆಯಲ್ಲೇ ಕಳೆದಳು. 1942ರಿಂದ 1945ರವರೆಗೆ ಐದು ಲೇಖನಗಳು ಆಕೆಯೊಬ್ಬಳ ಹೆಸರಿನಲ್ಲೇ ಹೊರಬಂದವು. ವಿಜ್ಞಾನ ಮಂದಿರಕ್ಕೆ ಆಗ ಪದವಿ ಕೊಡುವ ಅಧಿಕಾರವಿರಲಿಲ್ಲ. ಪ್ರೌಢಪ್ರಬಂಧವು ಮದರಾಸು ವಿಶ್ವವಿದ್ಯಾಲಯಕ್ಕೆ ಹೋಗಬೇಕಾಗಿದ್ದಿತು. 1945ರಲ್ಲಿ ಹೋಯಿತು. ಆಕೆಗೆ ಎಂ.ಎಸ್ಸಿ. ಪದವಿ ಇಲ್ಲ, ಆದುದರಿಂದ ಪಿಎಚ್‌.ಡಿ. ಕೊಡಲಾಗದು ಎಂಬ ಉತ್ತರ ಬಂದಿತು. ಆ ಪ್ರಬಂಧವು ಈಗಲೂ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದವರ ಪ್ರಬಂಧಗಳ ಸಾಲಿನಲ್ಲಿಯೇ, ಅವುಗಳಂತೆಯೇ ರಟ್ಟು ಕಟ್ಟಿಸಿಕೊಂಡು ಕುಳಿತಿದೆ.

ಆಕೆಯ ಜೊತೆಯಲ್ಲಿ ಸುನಂದಾಬಾಯಿ ಎಂಬುವಳಿದ್ದಳು. ಬೆಳಕಿನ ಚದುರುವಿಕೆಯನ್ನು ಕುರಿತು ಒಂದರ ಮೇಲೊಂದರಂತೆ ಲೇಖನಗಳನ್ನು ಸ್ವಂತ ಹೆಸರಿನಲ್ಲಿ ಪ್ರಕಟಿಸಿದ ಆಕೆಗೂ ಪದವಿ ನಿರಾಕೃತವಾಯಿತು; ಆಕೆ ಅಕಾಲದಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ರಾಮನ್ನರು ಈ ತರುಣಿಯರಿಗೆ ಸ್ವತಂತ್ರವಾಗಿ ಬರೆಯುವ ಅಧಿಕಾರವನ್ನಿತ್ತರೆಂಬುದು ನಿಜ. ಅದೇ ರಾಮನ್ನರ ಪ್ರಯೋಗಶಾಲೆಯಲ್ಲಿ ಹೆಣ್ಣುಮಕ್ಕಳು ಗಂಡು ವಿದ್ಯಾರ್ಥಿಗಳೊಡನೆ ಮುಕ್ತವಾಗಿ ಚರ್ಚಿಸುವಂತಿರಲಿಲ್ಲವೆಂಬುದೂ ಅಷ್ಟೇ ನಿಜ. ಮಹಾಪುರುಷರನ್ನು ಗೌರವಿಸುವವರು ಈ ಎರಡನೆಯ ಸತ್ಯವನ್ನು ಮರೆಮಾಡುವುದು ಗೌರವವಲ್ಲ. ಬಳಗವೆಂದರೆ ಪರಸ್ಪರ ಮಾತನಾಡಬಲ್ಲವರ ಕೂಟ, ಅರ್ಧ ಜನರ ಬಾಯಿಗೆ ತಡೆಯಿದ್ದ ಕೂಟದಲ್ಲಿ ಎಷ್ಟು ಪ್ರಶ್ನೆಗಳು ಹುಟ್ಟುವ ಮೊದಲೇ ಅಳಿದವೋ ಲೆಕ್ಕವಿಟ್ಟವರಿಲ್ಲ.

ಅಣ್ಣಾ ಮಣಿ ಪದವಿಯಿಲ್ಲದೆಯೇ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು ಬಂದರು. ಪುಣೆಯಲ್ಲಿ ಹವಾಮಾನ ಇಲಾಖೆಗಾಗಿ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಅಣಿಗೊಳಿಸಿದರು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ದೇಶದ ನಾನಾ ಕಡೆ ಸೂರ್ಯವಿಕಿರಣವನ್ನು ಅಳೆಯುವ ಕೇಂದ್ರಗಳನ್ನು ಏರ್ಪಡಿಸಿದರು. 1980ರಲ್ಲಿ ಭಾರತದ ಸೌರವಿಕಿರಣದ ಅಂಕಿಅಂಶಗಳ ಕೈಪಿಡಿಯನ್ನು ಪ್ರಕಟಿಸಿದರು. ಬಿಸಿಲನ್ನು ಬೈಯುವುದನ್ನು ಮಾತ್ರ ಅರಿತಿದ್ದ ನಮಗೆ ಅದನ್ನು ಅಳೆದು ಸಂಪತ್ತಾಗಿ ಎಣಿಸುವುದನ್ನು ಕಲಿಸಿದವರಲ್ಲಿ ಅವರು ಅಗ್ರಗಣ್ಯರು. ವೈಶಾಖದಲ್ಲಿ ರಾಯಚೂರಿನ ತೀನ್ ಕಂದೀಲಿನ ಬಳಿ ಮಧ್ಯಾಹ್ನ ನಿಂತವರಿಗೆ ಆ ಸಂಪತ್ತು ಎಷ್ಟೆಂಬುದನ್ನು ಯಾರೂ ಹೇಳಬೇಕಾಗಿಲ್ಲ.

ಮೈಸೂರಿನ ಬಳಗದ ಮಾತನ್ನೂ ಇಲ್ಲಿ ಆಡಲೇಬೇಕು. ರಾಮನ್ನರ ಸೋದರಳಿಯ ಶಿವರಾಮಕೃಷ್ಣ ಚಂದ್ರಶೇಖರರು, ನಕ್ಷತ್ರಗಳ ಅಭ್ಯಾಸದಿಂದ ಹೆಸರಾದ ಚಂದ್ರಶೇಖರರಲ್ಲ, ಅದೇ ಹೆಸರಿನ ಬೇರೊಬ್ಬರು, 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಮೊದಲ ಪ್ರಾಧ್ಯಾಪಕರಾಗಿ ಬಂದರು. ಬೆಳಕಿನ ಧ್ರುವೀಕರಣವನ್ನು ಕುರಿತು 1956ರಲ್ಲಿ ಬರೆದ ಲೇಖನದಿಂದ ಮುಂದೆ ಲೋಕವಿಖ್ಯಾತರಾದ ಅವರ ತಮ್ಮ ಪಂಚರತ್ನಂ ಕೂಡ ಅದೇ ವರ್ಷ ಅಲ್ಲಿಗೆ ರೀಡರ್ ಆಗಿ ಬಂದು, ಅನಂತರ ಆಕ್ಸ್‌ಫರ್ಡಿಗೆ ಹೋಗಿ, 1969ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಚಂದ್ರಶೇಖರರು ಮೈಸೂರಿನಲ್ಲಿ ದ್ರವಸ್ಫಟಿಕಗಳ ಅಧ್ಯಯನವನ್ನು ಬೆಳೆಸಿ, 1971ರಲ್ಲಿ ಬೆಂಗಳೂರಿನ ರಾಮನ್ ಸಂಸ್ಥೆಗೆ ಹೊರಟಾಗ ಮೈಸೂರಿನಲ್ಲಿ ರೂಪುಗೊಂಡ ಶಿಷ್ಯವೃಂದವೂ ಅವರನ್ನು ಹಿಂಬಾಲಿಸಿತು. 1977ರಲ್ಲಿ ಅವರು ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರೊಡನೆ, ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂಬುದನ್ನು ಜಗತ್ತಿಗೆ ಮೊದಲು ತೋರಿಸಿದರು. ಆ ಮೂವರಲ್ಲಿ ಒಬ್ಬರು ವಸ್ತುವನ್ನು ಸಂಶ್ಲೇಷಿಸಿದ ರಸಾಯನಶಾಸ್ತ್ರಜ್ಞರು, ಒಬ್ಬರು ಅಳತೆ ಮಾಡಿದ ತರುಣರು, ಒಬ್ಬರು ಗುರುಗಳು. ಯಾರೊಬ್ಬರಿಲ್ಲದಿದ್ದರೂ ಆ ಶೋಧವಿಲ್ಲ. ಟಿ.ವಿ. ಪರದೆಯನ್ನು ಪಕ್ಕದಿಂದ ನೋಡಿದಾಗಲೂ ಚಿತ್ರ ಮಸುಕಾಗದಂತೆ ಮಾಡುವ ಪದರಗಳಲ್ಲಿ ಮುಂದೆ ಇಂಥ ಅಣುಗಳೇ ಕೆಲಸಕ್ಕೆ ಬಂದವು.

ಇನ್ನು ನಮ್ಮ ಜಿಲ್ಲೆಯ ಮಾತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಮಾನ್ವಿಯ ರೈತನಿಗೆ ಲೇಸರ್ ಲೆವೆಲರ್ ಅಪರಿಚಿತವಲ್ಲ: ಗದ್ದೆಯ ಬದಿಯ ಮುಕ್ಕಾಲಿಯ ಮೇಲೆ ಸುತ್ತುವ ಲೇಸರ್ ಒಂದು ಕಾಣದ ಸಮತಲವನ್ನು ಹಾಸುತ್ತದೆ, ಟ್ರಾಕ್ಟರಿನ ಹಿಂದಿನ ಕಂಬದ ಮೇಲಿನ ಗ್ರಾಹಕವು ಅದನ್ನು ಹಿಡಿದು ಮಣ್ಣು ಕೆರೆಯುವ ಅಲಗನ್ನು ತಾನಾಗಿ ಏರಿಸಿ ಇಳಿಸುತ್ತದೆ, ನೀರು ಮಡಿಯ ತುಂಬ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ದೇವದುರ್ಗದ ಕಥೆ ಬೇರೆ. ಮಳೆ ಕೈಕೊಟ್ಟ ವರ್ಷ ಅಲ್ಲಿನ ಕುಟುಂಬಗಳು ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತವೆ. ರಾಜಧಾನಿಯ ರಸ್ತೆಬದಿಗಳಲ್ಲಿ ಕೇಬಲ್ ಹುಗಿಯಲು ನೆಲ ಅಗೆಯುವ ಕೈಗಳಲ್ಲಿ ನಮ್ಮ ಸೀಮೆಯವರ ಕೈಗಳು ಎಷ್ಟೋ ಇವೆ. ಹದಿನೈದು ಕಿಲೋಮೀಟರು ಸಾಗಿದ ಮೇಲೂ ಅರ್ಧದಷ್ಟು ಬೆಳಕನ್ನು ಉಳಿಸಿಕೊಳ್ಳುವ ಆ ಗಾಜಿನೆಳೆಯೊಳಗೆ ದೇಶದ ಮಾತೆಲ್ಲ ಹರಿಯುತ್ತದೆ. ಅದಕ್ಕೆ ಹಾದಿ ತೋಡಿದವನ ಮಗಳು ಆ ಎಳೆಯೊಳಗಿನ ಬೆಳಕನ್ನು ಅಭ್ಯಸಿಸುವ ಕೋಣೆಯವರೆಗೆ ಬರಬೇಕೆಂಬುದು ನನ್ನ ಹಂಬಲ. ಅದು ದಯೆಯಿಂದ ಆಗಬೇಕಾದುದಲ್ಲ, ಆಕೆಯ ಹಕ್ಕಿನಿಂದ ಆಗಬೇಕಾದುದು.

ಹಾದಿಗಳು ಇಲ್ಲವೆಂದಲ್ಲ. ಐಐಟಿಗಾಗಿ ಹೋರಾಡಿ ಅದು ಧಾರವಾಡದ ಪಾಲಾದುದನ್ನು ಕಂಡ ರಾಯಚೂರಿಗೆ 2019ರಲ್ಲಿ ಐಐಐಟಿ ದೊರೆಯಿತು. ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಯರಗೇರಾದ ಆವರಣದಲ್ಲಿ ಈಗ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರಿನ ಸ್ವತಂತ್ರ ವಿಶ್ವವಿದ್ಯಾಲಯವಿದೆ. ಸಂವಿಧಾನದ 371ಜೆ ವಿಧಿಯು ಈ ಭಾಗದ ಮಕ್ಕಳಿಗೆ ಇಲ್ಲಿಯೂ ಬೆಂಗಳೂರು ಮೈಸೂರುಗಳಲ್ಲಿಯೂ ಸ್ಥಾನಗಳನ್ನು ಕಾದಿರಿಸಿದೆ. ಆದರೆ ಸ್ಥಾನ ಸಿಕ್ಕಮಾತ್ರಕ್ಕೆ ಬಳಗ ಸಿಕ್ಕಿತೆಂದು ತಿಳಿಯಲಾಗದು. ಹಳ್ಳಿಯ ಕಾಲೇಜಿನಲ್ಲಿ ಪಟ್ಟಕವನ್ನು ಪರೀಕ್ಷೆಯ ದಿನ ಮಾತ್ರ ಮುಟ್ಟಿದ ವಿದ್ಯಾರ್ಥಿಗೆ, ದಿನವೂ ಕೈಹಿಡಿದು ಕಲಿಸುವ ಸೀನಿಯರ್ ಬೇಕು. ಮುರಿದುದನ್ನು ಬೈಯದೆ ಸರಿಪಡಿಸಿಕೊಡುವ ವರ್ಕ್‌ಶಾಪು ಬೇಕು. ಮಾಡಿದ ಕೆಲಸದ ಮೇಲೆ ತನ್ನ ಹೆಸರನ್ನು ಬರೆಯಬಿಡುವ ಗೈಡ್ ಬೇಕು. ಕಟ್ಟಡಕ್ಕೆ ಹಣ ಬರುವಷ್ಟು ಸುಲಭವಾಗಿ ತಂತ್ರಜ್ಞರ ಹುದ್ದೆಗಳಿಗೆ ಹಣ ಬರುವುದಿಲ್ಲವೆಂಬುದನ್ನು ಆಡಳಿತ ನಡೆಸುವವರು ಗಮನಿಸಬೇಕು; ಲೇತಿನವನಿಲ್ಲದ ಬೆಳಕಿನ ವಿಭಾಗವು ಕೊಂಡು ತಂದ ಉಪಕರಣಗಳ ಉಗ್ರಾಣವಾಗಿ ಮುಗಿಯುತ್ತದೆ.

ನನ್ನದೊಂದು ಸಲಹೆ ಇದೆ. ಫೆಬ್ರವರಿ 28ರ ವಿಜ್ಞಾನ ದಿನದಂದು ನಮ್ಮ ಕಾಲೇಜುಗಳಲ್ಲಿ ಭಾಷಣವೂ ರಸಪ್ರಶ್ನೆಯೂ ನಡೆಯುತ್ತವೆ. ಅವುಗಳ ಬದಲು 1928ರ ಪ್ರಯೋಗವನ್ನೇ ಮಾಡಬಹುದು. ಆ ತಿಂಗಳಲ್ಲಿ ನಮ್ಮ ಆಕಾಶ ನಿರ್ಮಲ, ಬಿಸಿಲು ಧಾರಾಳ. ಕನ್ನಡಿಯಿಂದ ಸೂರ್ಯನ ಬೆಳಕನ್ನು ಕತ್ತಲೆ ಕೋಣೆಗೆ ತಂದು, ದೊಡ್ಡ ಮಸೂರದಿಂದ ಒಟ್ಟುಗೂಡಿಸಿ, ನೀಲನೇರಳೆ ಗಾಜಿನ ಮೂಲಕ ಶುದ್ಧ ದ್ರವದೊಳಗೆ ಹಾಯಿಸಬೇಕು. ಹಸಿರುಹಳದಿಯ ಇನ್ನೊಂದು ಗಾಜನ್ನು ಮೊದಲ ಗಾಜಿನ ಜೊತೆಯಲ್ಲೇ ಇಟ್ಟರೆ ಬೆಳಕು ಪೂರ್ತಿಯಾಗಿ ನಿಂತುಹೋಗುತ್ತದೆ. ಅದನ್ನೇ ತೆಗೆದು, ಪಕ್ಕದಿಂದ ನೋಡುವವರ ಕಣ್ಣಿನ ಮುಂದೆ ಹಿಡಿದರೆ ಮಂದವಾದ ಬೆಳಕೊಂದು ಉಳಿಯುತ್ತದೆ. ದ್ರವದೊಳಗೆ ಬಣ್ಣ ಬದಲಾಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಕೂಡಿಸಿದ ಬಿಸಿಲಿನ ನೇರಕ್ಕೆ ಯಾರೂ ಕಣ್ಣಿಡದಂತೆ ಅಧ್ಯಾಪಕರು ಕಾಯಬೇಕು. ಸೂರ್ಯ ಸರಿದಂತೆ ಕನ್ನಡಿಯನ್ನು ತಿರುಗಿಸಲು ಒಬ್ಬರು, ಧೂಳಿನ ಕಣವೂ ಉಳಿಯದಂತೆ ದ್ರವವನ್ನು ಶುದ್ಧಿಮಾಡಲು ಒಬ್ಬರು, ಅರ್ಧ ಗಂಟೆ ಕತ್ತಲೆಯಲ್ಲಿ ಕುಳಿತು ಕಣ್ಣನ್ನು ಅಣಿಗೊಳಿಸಿ ನೋಡಲು ಒಬ್ಬರು, ಕಂಡುದನ್ನೂ ಕಾಣದುದನ್ನೂ ಹಾಗೆಯೇ ಬರೆದುಕೊಳ್ಳಲು ಒಬ್ಬರು ಬೇಕು. ಮೊದಲ ವರ್ಷ ದೇವದುರ್ಗದ ಕಾಲೇಜಿನವರು ಮಾಡಿದುದನ್ನು ಮರುವರ್ಷ ಮಾನ್ವಿಯವರು ಪರೀಕ್ಷಿಸಲಿ, ಬರಹವು ನಾಲ್ವರ ಸಹಿಯೊಡನೆ ಯರಗೇರಾದ ಭೌತಶಾಸ್ತ್ರದ ಅಧ್ಯಾಪಕರ ಮೇಜಿಗೆ ಹೋಗಲಿ.