ಪಾರ್ಕಿನ ಬೀಗ ಮತ್ತು ನಿಮ್ಮ ಆರೋಗ್ಯ

‘ದಿನಾ ನಡೀರಿ ಅಂತೀರಲ್ಲ ಡಾಕ್ಟ್ರೇ, ಎಲ್ಲಿ ನಡೆಯೋದು?’

ಕೆಲವು ವರ್ಷಗಳ ಹಿಂದೆ ಕುಮಾರಸ್ವಾಮಿ ಲೇಔಟಿನ ಗೃಹಿಣಿಯೊಬ್ಬರು ಕೇಳಿದ ಪ್ರಶ್ನೆಯಿದು. ಅವರಿಗೆ ಮಧುಮೇಹ, ಜೊತೆಗೆ ಮಂಡಿನೋವು. ಮಕ್ಕಳ ಡಬ್ಬಿ, ಯಜಮಾನರ ತಿಂಡಿ, ಅತ್ತೆಯ ಸ್ನಾನ ಎಲ್ಲ ಮುಗಿಯುವಾಗ ಹತ್ತೂವರೆ. ಅಷ್ಟರಲ್ಲಿ ಪಾರ್ಕಿನ ಗೇಟಿಗೆ ಬೀಗ. ರಸ್ತೆಯಲ್ಲಿ ನಡೆಯೋಣವೆಂದರೆ ಮೇಲೆದ್ದ ಚಪ್ಪಡಿಕಲ್ಲು, ಬೀದಿನಾಯಿ, ವಾಹನಗಳ ಹೊಗೆ.

ಆಗ ಪಾಲಿಕೆಯ ಪಾರ್ಕುಗಳು ಬೆಳಗ್ಗೆ 5ರಿಂದ 10 ಮತ್ತು ಮಧ್ಯಾಹ್ನ 1.30ರಿಂದ ರಾತ್ರಿ 8ರವರೆಗೆ ಮಾತ್ರ ತೆರೆದಿರುತ್ತಿದ್ದವು. 2024ರ ಜೂನ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ಸತತವಾಗಿ ತೆರೆದಿಡುವುದಾಗಿ ಪ್ರಕಟಿಸಿದರು. ವೈದ್ಯರ ದೃಷ್ಟಿಯಿಂದ ಇದು ಒಳ್ಳೆಯ ಮದ್ದು.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಚುರುಕು ನಡಿಗೆ. ಇದನ್ನು ಮುಂಜಾನೆಯೇ ಮುಗಿಸಬೇಕೆಂಬ ನಿಯಮವಿಲ್ಲ. ಊಟದ ನಂತರದ ಹತ್ತು ಹದಿನೈದು ನಿಮಿಷದ ನಡಿಗೆಯೂ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ರಾತ್ರಿ ಪಾಳಿಯವರಿಗೆ, ಮನೆಗೆಲಸದವರಿಗೆ ಹಗಲಿನ ಹೊತ್ತೇ ಬಿಡುವು.

ಆದರೆ ಸಮಯ ಹೆಚ್ಚಿಸಿದರಷ್ಟೇ ಸಾಲದು. ಹೆಚ್ಚು ಹೊತ್ತು ತೆರೆದಿದ್ದರೆ ಇನ್ನೊಂದು ಪಾಳಿಯ ಕಾವಲುಗಾರ, ದೀಪ, ಕುಡಿಯುವ ನೀರು, ಶೌಚಾಲಯ ಬೇಕು. ಇದಕ್ಕೆಲ್ಲ ಹಣ ಬೇಕು. ದೀಪವಿಲ್ಲದ ಪಾರ್ಕಿಗೆ ರಾತ್ರಿ ಯಾವ ಹೆಣ್ಣುಮಗಳು ಹೋದಾಳು? ಶೌಚಾಲಯವಿಲ್ಲದಿದ್ದರೆ ಮಧುಮೇಹಿಗಳೂ ವೃದ್ಧರೂ ಮನೆಯಲ್ಲೇ ಉಳಿಯುತ್ತಾರೆ. ಹಾಗೆಂದು ಪ್ರವೇಶ ಶುಲ್ಕ ಹಾಕಿದರೆ ಬಡವರೇ ಮೊದಲು ಹೊರಗುಳಿಯುತ್ತಾರೆ. 1985ರ ರಾಜ್ಯ ಕಾಯ್ದೆ ಉದ್ಯಾನ, ಆಟದ ಮೈದಾನಗಳ ಜಾಗವನ್ನು ರಕ್ಷಿಸುತ್ತದೆ. ನಿರ್ವಹಣೆಯ ಹಣವನ್ನು ಪಾಲಿಕೆಯ ಬಜೆಟ್ಟಿನಲ್ಲೇ ಕೇಳಬೇಕು. 2025ರ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಐದು ಪಾಲಿಕೆಗಳಾಗಿವೆ. ನಿಮ್ಮ ಬಡಾವಣೆಯ ಬೇಡಿಕೆಯನ್ನು ಸಂಘದ ಮೂಲಕ ಬರವಣಿಗೆಯಲ್ಲಿ ಕೊಡಿ.

ನಡೆಯುವವರಿಗೆ ಕೆಲವು ಸೂಚನೆಗಳು:

* ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.
* ಮಧುಮೇಹಿಗಳು ಬರಿಗಾಲಲ್ಲಿ, ಅದರಲ್ಲೂ ದುಂಡುಕಲ್ಲಿನ ಹಾದಿಯಲ್ಲಿ ನಡೆಯಬಾರದು. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಗಾಯವಾದರೂ ತಿಳಿಯದು.
* ಇನ್ಸುಲಿನ್ ಪಡೆಯುವವರ ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇರಲಿ.
* ಬಿಸಿಲಿದ್ದರೆ ಮರದ ನೆರಳಲ್ಲೇ ನಡೆಯಿರಿ; ನೀರು ಜೊತೆಗಿರಲಿ.
* ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಕೂಡಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಿ.